ಒಪ್ಪಿಗೆಯೆಂಬ ಗುಂಡಿ: ಕುಕೀ ಸೂಚನಾಪತ್ರಗಳ ಒಂದು ವಿಮರ್ಶೆ

ಒಪ್ಪಿಗೆ ಎಂಬುದು ವ್ಯಾಪಾರ ನೀತಿಯಲ್ಲಿ ಬಹು ತೂಕದ ಮಾತು. ಕೊಡುವ ವಸ್ತು ಯಾವುದೆಂದು ತಿಳಿದಿರಬೇಕು, ಅದರ ಬೆಲೆ ತಿಳಿದಿರಬೇಕು, ಬೇಡವೆಂದು ಎದ್ದು ಹೋಗುವ ಸ್ವಾತಂತ್ರ್ಯವಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಲ್ಲಿ ಉಳಿಯುವುದು ಒಪ್ಪಿಗೆಯ ವೇಷವೇ ಹೊರತು ಒಪ್ಪಿಗೆಯಲ್ಲ. ಇಂದು ಜಾಲತಾಣಗಳನ್ನು ತೆರೆದೊಡನೆ ಕಾಣಿಸಿಕೊಳ್ಳುವ ‘ಕುಕೀ’ ಸೂಚನಾಪತ್ರವನ್ನು ಈ ಒರೆಗಲ್ಲಿಗೆ ಉಜ್ಜಿ ನೋಡುವುದು ಅವಶ್ಯ. ಎಲ್ಲರ ಕಣ್ಣಿಗೂ ಬೀಳುವ, ಆದರೆ ಯಾರೂ ಓದದ ಬರಹ ಅದು. ಆ ಕಾರಣದಿಂದಲೇ ಅದು ವಿಮರ್ಶೆಗೆ ಅರ್ಹವಾಗಿದೆ.

ಮೊದಲಿಗೆ ವಸ್ತುವಿನ ಪರಿಚಯ. ಜಾಲತಾಣಕ್ಕೆ ಸ್ವಭಾವತಃ ನೆನಪಿಲ್ಲ. ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದವನು ಅದರ ಪಾಲಿಗೆ ಹೊಸಬನೇ. ಈ ತೊಡಕನ್ನು ನಿವಾರಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬ ತಂತ್ರಜ್ಞರು ಕುಕೀಯನ್ನು ರೂಪಿಸಿದರು. ದೇವಾಲಯದ ಬಾಗಿಲಲ್ಲಿ ಪಾದರಕ್ಷೆ ಕಾಯುವವನು ಕೊಡುವ ಸಂಖ್ಯೆಯ ಬಿಲ್ಲೆಯನ್ನು ನೆನೆದರೆ ಇದರ ಸ್ವರೂಪ ತಿಳಿಯುತ್ತದೆ. ತಾಣವು ಬಿಲ್ಲೆಯಂತಹ ಒಂದು ಸಣ್ಣ ಬರಹವನ್ನು ವೀಕ್ಷಕನ ಬ್ರೌಸರಿನಲ್ಲಿ ಇರಿಸುತ್ತದೆ. ಮರಳಿ ಬಂದಾಗ ಬ್ರೌಸರು ಅದನ್ನು ತೋರಿಸುತ್ತದೆ. ಬ್ಯಾಂಕಿನ ಖಾತೆ ನಡುವಿನಲ್ಲಿ ಮುಚ್ಚಿಹೋಗದಿರುವುದು, ಆರಿಸಿದ ಸರಕು ಬುಟ್ಟಿಯಲ್ಲಿ ಉಳಿಯುವುದು, ಕನ್ನಡ ಭಾಷೆಯ ಆಯ್ಕೆ ನೆನಪಿರುವುದು ಇದರಿಂದಲೇ. ಇಷ್ಟರಮಟ್ಟಿಗೆ ಇದರಲ್ಲಿ ದೋಷವಿಲ್ಲ.

ದೋಷ ಹುಟ್ಟುವುದು ಮೂರನೆಯವರ ಕುಕೀಯಿಂದ. ಪಾದರಕ್ಷೆ ಕಾಯುವ ಒಬ್ಬನೇ ಗುತ್ತಿಗೆದಾರನು ಊರಿನ ಎಲ್ಲ ದೇವಾಲಯ, ಆಸ್ಪತ್ರೆ, ಅಂಗಡಿ, ವಕೀಲರ ಕಚೇರಿಗಳ ಬಾಗಿಲಲ್ಲೂ ತನ್ನ ಆಳನ್ನು ಕೂರಿಸಿ, ಒಬ್ಬ ವ್ಯಕ್ತಿಗೆ ಎಲ್ಲೆಡೆಯೂ ಒಂದೇ ಸಂಖ್ಯೆಯ ಬಿಲ್ಲೆ ಕೊಟ್ಟನೆಂದು ಭಾವಿಸಬೇಕು. ಸಂಜೆ ಲೆಕ್ಕ ಕೂಡಿಸಿದರೆ ಆ ವ್ಯಕ್ತಿಯ ಹೆಸರು ತಿಳಿಯದಿದ್ದರೂ ಅವನ ಕಾಯಿಲೆ, ಸಾಲ, ಭಕ್ತಿ, ಚಿಂತೆಗಳೆಲ್ಲ ತಿಳಿದುಹೋಗುತ್ತವೆ. ಜಾಹೀರಾತು ಸಂಸ್ಥೆಗಳು ಸಾವಿರಾರು ತಾಣಗಳಲ್ಲಿ ಮಾಡುತ್ತ ಬಂದಿರುವುದು ಇದನ್ನೇ.

ಬೀದರ ನಗರದ ಪೂರ್ವಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿರುವ ಅಷ್ಟೂರಿನ ನಿದರ್ಶನ ಇಲ್ಲಿ ಉಚಿತವಾದೀತು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿಯ ಗೋರಿಗೆ ಹಿಂದೂಗಳೂ ಮುಸಲ್ಮಾನರೂ ಇಂದಿಗೂ ನಡೆದುಕೊಳ್ಳುತ್ತಾರೆ. ಉರುಸಿನಲ್ಲಿ ಲಿಂಗಾಯತ ಜಂಗಮರಿಗೆ ವಿಶೇಷ ಸ್ಥಾನವಿದೆ. ಹರಕೆ ಹೊತ್ತು ಬಂದವನು ಏನು ಬೇಡಿದನೆಂದು ಅಲ್ಲಿ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಬಂದವನು ಬಂದಂತೆಯೇ ಹಿಂತಿರುಗುತ್ತಾನೆ. ಅದೇ ಯಾತ್ರಿಕನು ಹಿಂದಿನ ರಾತ್ರಿ ಮೊಬೈಲಿನಲ್ಲಿ ಅಷ್ಟೂರಿನ ದಾರಿಯನ್ನೂ ತಂಗುವ ಮನೆಯನ್ನೂ ಹುಡುಕಿದ್ದರೆ, ಗೋಪುರ ಕಾಣುವ ಮೊದಲೇ ಅವನ ಪಯಣದ ಗುರುತು ಅಪರಿಚಿತರ ಕಡತ ಸೇರಿರಬಹುದು. ಗೋರಿಯ ಒಳಗೋಡೆಗಳ ಮೇಲಿನ ಹೊಂಬಣ್ಣದ ಪಾರಸಿ, ಅರಬ್ಬಿ ಬರಹಗಳನ್ನು ಬಹುತೇಕ ಯಾತ್ರಿಕರು ಓದಲಾರರು. ಅದರಿಂದ ಅವರಿಗೆ ನಷ್ಟವೇನೂ ಇಲ್ಲ, ಏಕೆಂದರೆ ಆ ಬರಹ ಅವರನ್ನು ಯಾವ ಕರಾರಿಗೂ ಕಟ್ಟುವುದಿಲ್ಲ. ಓದಲಾಗದಿದ್ದರೂ ಕಟ್ಟಿಹಾಕುವ ಬರಹ ಎಂದರೆ ಕುಕೀ ಸೂಚನಾಪತ್ರ.

ಆ ಪತ್ರದ ಭಾಷೆಯನ್ನು ಪರಿಶೀಲಿಸಿದರೆ ಅದರ ಕೌಶಲ ಬಯಲಾಗುತ್ತದೆ. ‘ತಮ್ಮ ಅನುಭವವನ್ನು ಉತ್ತಮಪಡಿಸಲು’ ಎಂಬ ಧಾಟಿಯ ವಿನಯದಿಂದ ಅದು ಆರಂಭವಾಗುತ್ತದೆ. ಲಾಭ ಯಾರದೆಂಬುದು ಅಲ್ಲಿ ಮರೆಯಾಗುತ್ತದೆ. ಮಾಹಿತಿ ಪಡೆಯುವ ಜಾಹೀರಾತು ಸಂಸ್ಥೆಗಳಿಗೆ ‘ಪಾಲುದಾರರು’ ಎಂಬ ಸಭ್ಯ ಹೆಸರು. ಅವರು ನೂರಾರು ಮಂದಿ ಇರುವುದೂ ಉಂಟು. ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಗುಂಡಿ ದೊಡ್ಡದು, ಬಣ್ಣದ್ದು. ನಿರಾಕರಣೆಯ ದಾರಿಯೋ ಅನೇಕ ತಾಣಗಳಲ್ಲಿ ಎರಡು ಮೂರು ಪುಟಗಳಾಚೆ ಅಡಗಿರುತ್ತದೆ. ಅಂಗಡಿಗೆ ಒಳಬರಲು ಹೆಬ್ಬಾಗಿಲು, ಹೊರಹೋಗಲು ಗವಾಕ್ಷಿ ಎಂಬಂತಾಯಿತು. ಐರೋಪ್ಯ ನ್ಯಾಯಾಲಯವು 2019ರ ಅಕ್ಟೋಬರಿನಲ್ಲಿ, ಮೊದಲೇ ಗುರುತು ಹಾಕಿಟ್ಟ ಚೌಕವು ಒಪ್ಪಿಗೆಯಲ್ಲವೆಂದು ತೀರ್ಪಿತ್ತಿತು. ಒಪ್ಪಿದಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ಮಾಹಿತಿ ರಕ್ಷಣಾ ಆಯೋಗವು ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಈ ಚಿಂತನೆಗೆ ಬುನಾದಿ ಒದಗಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಆ ತೀರ್ಪಿನ ದಾರಿಯಲ್ಲೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬಂದಿತು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಕಟ್ಟುಪಾಡುಗಳ ಪಾಲನೆಗೆ 18 ತಿಂಗಳ ಅವಧಿ ನೀಡಿವೆ.

ಈ ಶಾಸನದ ಗುಣಗಳನ್ನು ಮೆಚ್ಚಲೇಬೇಕು. ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ತಿಳಿವಳಿಕೆಯುಳ್ಳದ್ದೂ ಷರತ್ತಿಲ್ಲದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಅವಕಾಶವನ್ನು ವ್ಯಕ್ತಿಗೆ ಕೊಡಬೇಕು. ಬೀದರ, ಭಾಲ್ಕಿ, ಔರಾದ ಭಾಗದವರ ಮನೆಮಾತುಗಳಾದ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಆ ಅನುಸೂಚಿಯಲ್ಲಿವೆ. ಇದು ಸಣ್ಣ ಮಾತಲ್ಲ. ತೊಗರಿ, ಸೋಯಾಬೀನಿನ ಧಾರಣೆ ನೋಡಲು ತಾಣ ತೆರೆಯುವ ರೈತನಿಗೆ ತಾನೇನು ಕೊಡುತ್ತಿದ್ದೇನೆಂದು ತನ್ನ ಮಾತಿನಲ್ಲೇ ತಿಳಿಯುವ ಹಕ್ಕು ಇದರಿಂದ ದೊರೆಯುತ್ತದೆ.

ಆದರೆ ಕೊರತೆಗಳೂ ಇವೆ. ಕುಕೀ ಎಂಬ ಪದವೇ ಅಧಿನಿಯಮದಲ್ಲಿಲ್ಲ. ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯೆಂಬ ಸಾಮಾನ್ಯ ವ್ಯಾಖ್ಯೆಯೊಳಗೆ ಅದನ್ನು ಸೇರಿಸಿಕೊಳ್ಳಬೇಕಾಗಿದೆ. ಮಾಹಿತಿಯನ್ನು ಯಾರೊಡನೆ ಹಂಚಲಾಗುವುದೆಂಬ ಹೆಸರುಗಳು ಮೊದಲ ಸೂಚನೆಯಲ್ಲಿಯೇ ಇರಬೇಕೆಂಬ ಕಡ್ಡಾಯವಿಲ್ಲ. ಹಂಚಿದ ಮೇಲೆ ವ್ಯಕ್ತಿಯೇ ಕೇಳಿ ತಿಳಿಯಬೇಕು. ಸರಕು ಕೊಟ್ಟ ನಂತರ ಕೊಂಡವರಾರೆಂದು ವಿಚಾರಿಸುವುದು ಯಾವ ವ್ಯವಹಾರ ನೀತಿ?

ಶ್ರಾವಕಾಚಾರದ ದೃಷ್ಟಿಯಲ್ಲಿ ಇಲ್ಲಿ ಎರಡು ವಿಚಾರಗಳು ಮುಖ್ಯ. ಮಾಲೀಕನು ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಮೋಸದ ಗುಂಡಿಯಿಂದ ಪಡೆದದ್ದು ‘ದತ್ತ’ವಾಗಲಾರದು. ಎರಡನೆಯದಾಗಿ, ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲೂ ಕರ್ಮದ ಹೊಣೆಯುಂಟು. ‘ಕುಕೀ ಇಟ್ಟವರು ಜಾಹೀರಾತಿನವರು, ನಾವಲ್ಲ’ ಎನ್ನುವ ತಾಣದ ಒಡೆಯನಿಗೆ ಇದೇ ಉತ್ತರ: ತನ್ನ ಬಾಗಿಲಲ್ಲಿ ಅವರನ್ನು ಕೂರಿಸಿದವನು ಅವನೇ. ಸ್ವಂತ ಜಾಲತಾಣ ನಡೆಸುವ ವರ್ತಕರೂ ಸಂಘ ಸಂಸ್ಥೆಗಳೂ ಈ ಮಾತನ್ನು ತಮಗೆ ಅನ್ವಯಿಸಿ ನೋಡಿಕೊಳ್ಳಬೇಕು.

ಜಾಹೀರಾತಿಲ್ಲದೆ ಉಚಿತ ತಾಣಗಳು ಬದುಕಲಾರವೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿದೆ. ಆದರೆ ಪತ್ರಿಕೆಗಳು ಪುಟದ ವಿಷಯ ನೋಡಿ ಜಾಹೀರಾತು ಹಾಕುತ್ತ ಬಂದಿವೆ. ಓದುಗನ ಬೆನ್ನು ಹತ್ತಿದವಲ್ಲ. ಕೃಷಿ ಪುಟದಲ್ಲಿ ಬೀಜದ ಜಾಹೀರಾತು ಹಾಕಲು ರೈತನ ಔಷಧಿ ಚೀಟಿ ನೋಡಬೇಕಾಗಿಲ್ಲ.

ಶಾಸನ ಪೂರ್ಣವಾಗಿ ಜಾರಿಗೊಳ್ಳುವವರೆಗೆ ವೀಕ್ಷಕನೂ ನಿಸ್ಸಹಾಯಕನಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಮೂರನೆಯವರ ಕುಕೀಗಳನ್ನು ತಡೆಯುವ ಆಯ್ಕೆಯಿದೆ. ಸಫಾರಿ 2020ರಿಂದ ಅವನ್ನು ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ ಪ್ರತಿ ತಾಣದ ಕುಕೀಯನ್ನೂ ಪ್ರತ್ಯೇಕವಾಗಿರಿಸುತ್ತದೆ. ಕ್ರೋಮ್ ಅವನ್ನು ಕೈಬಿಡುವುದಾಗಿ 2020ರಲ್ಲಿ ಘೋಷಿಸಿ, 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಆದುದರಿಂದ ಅದರ ಬಳಕೆದಾರನು ತಾನೇ ಆ ಆಯ್ಕೆ ಮಾಡಬೇಕು. ಹಳೆಯ ಕುಕೀಗಳನ್ನು ಆಗಾಗ ಅಳಿಸಬಹುದು. ಖಾತೆಗಳಿಗೆ ಮತ್ತೆ ಗುಪ್ತಪದ ಹಾಕಬೇಕಾಗುವುದಷ್ಟೇ ತೊಂದರೆ. ಆಂಡ್ರಾಯ್ಡ್ ಮೊಬೈಲಿನ ಆ್ಯಪ್‌ಗಳು ಬಳಸುವ ಜಾಹೀರಾತು ಗುರುತನ್ನೂ ಸೆಟ್ಟಿಂಗ್ಸ್‌ನಲ್ಲಿ ಅಳಿಸಲು ಸಾಧ್ಯ. ಉಪಕರಣದ ಲಕ್ಷಣಗಳಿಂದಲೇ ಗುರುತು ಹಿಡಿಯುವ ಬೇರೆ ವಿಧಾನಗಳಿರುವುದರಿಂದ ಇವು ಸಂಪೂರ್ಣ ರಕ್ಷೆಯಲ್ಲ. ಆದರೂ ಕಳ್ಳಬೆಕ್ಕಿನ ಮುಂದೆ ಹಾಲಿನ ಪಾತ್ರೆ ಮುಚ್ಚಿಡುವಷ್ಟು ಉಪಯೋಗ ಖಂಡಿತ ಇದೆ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರವೆಂದರೆ, ಅವಸರದಲ್ಲಿ ಒಪ್ಪಿಗೆಯ ಗುಂಡಿ ಒತ್ತದಿರುವುದು. ಖಾತೆ ಪುಸ್ತಕಕ್ಕೆ ಓದದೆ ಸಹಿ ಹಾಕದ ವಿವೇಕವು ಬೆರಳ ತುದಿಗೂ ಬರಬೇಕಾಗಿದೆ. ಕೇಳುವವನು ನೇರವಾಗಿ ಕೇಳುವುದನ್ನೂ, ಕೊಡುವವನು ತಿಳಿದು ಕೊಡುವುದನ್ನೂ ಕಲಿತಾಗ ಮಾತ್ರ ಒಪ್ಪಿಗೆ ಎಂಬ ಮಾತಿಗೆ ಅದರ ಹಳೆಯ ತೂಕ ಮರಳೀತು.