ಜೋಗ ಮತ್ತು ಕೂಲಿ: ‘ನಡುವೆ ಸುಳಿವ ಹೆಣ್ಣು’ ಓದುತ್ತಾ

ಹುಣ್ಣಿಮೆಯ ದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಹುಲಿಗಿಗೆ ಹೊರಟವರು ಸಿಗುತ್ತಾರೆ. ತುಂಗಭದ್ರೆಯ ದಂಡೆಯ ಹುಲಿಗೆಮ್ಮನ ಗುಡಿಯ ಮುಂದೆ ಪಡ್ಲಿಗೆ ಹಿಡಿದು, ಚೌಡಿಕೆ ನುಡಿಸುವ ಜೋಗತಿಯರನ್ನು ಕಾಣದೆ ಬೆಳೆದವರು ಈ ಭಾಗದಲ್ಲಿ ಕಡಿಮೆ. ಚಿಲ್ಲರೆ ಹಾಕಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಮುಂದೆ ಹೋಗುವುದು ನಮ್ಮ ರೂಢಿ. ನಿಂತು ಅವರ ಕಥೆ ಕೇಳಿದವರು ಎಷ್ಟು ಜನ?

ಮಂಜಮ್ಮ ಜೋಗತಿ ಹೇಳಿ, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ನಮ್ಮನ್ನು ಅಲ್ಲಿ ನಿಲ್ಲಿಸುತ್ತದೆ. ಹೆಸರು ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ನೆನಪಿಸುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ದಾಸಿಮಯ್ಯನಿಗೆ ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಮಂಜಮ್ಮ ಮಾತ್ರ ತಾನು ಹೆಣ್ಣೆಂದೇ ಹೇಳುತ್ತಾರೆ. ತತ್ವಕ್ಕೆ ಲಿಂಗವಿಲ್ಲದಿದ್ದರೂ ನಡೆಯುತ್ತದೆ. ಬಾಡಿಗೆ ಮನೆ ಕೇಳುವವರಿಗೆ, ಬಸ್ಸಿನಲ್ಲಿ ಸೀಟು ಹುಡುಕುವವರಿಗೆ ನಡೆಯುವುದಿಲ್ಲ.

ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಗುವಿಗೆ ಮನೆಯವರು ಮುತ್ತು ಕಟ್ಟಿಸಿದ್ದು ಇದೇ ಹುಲಿಗಿಯಲ್ಲಿ. ಉಡಿದಾರ ಹರಿದು, ಸೀರೆ-ಬಳೆ ತೊಡಿಸುವ ಆ ಆಚರಣೆ ಒಂದು ಕೈಯಲ್ಲಿ ಹೆಣ್ತನವನ್ನು ಕೊಟ್ಟು, ಇನ್ನೊಂದು ಕೈಯಲ್ಲಿ ಮನೆಯನ್ನು ಕಿತ್ತುಕೊಳ್ಳುತ್ತದೆ. ಆಮೇಲಿನದು ಊರು ಬಿಟ್ಟವರ ಬದುಕು: ಭಿಕ್ಷೆ, ದೌರ್ಜನ್ಯ, ಸಾಯುವ ಪ್ರಯತ್ನ, ಇಡ್ಲಿ ವ್ಯಾಪಾರ. ದಾವಣಗೆರೆಯಲ್ಲಿ ಚೌಡಿಕೆ ನುಡಿಸುವ ತಂದೆ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಮಗ ಕಣ್ಣಿಗೆ ಬಿದ್ದರು; ಅವರಿಂದ ಜೋಗತಿ ನೃತ್ಯ ಕೈವಶವಾಯಿತು. ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ. ಕಾಳವ್ವನ ನಂತರ ಆ ಮೇಳದ ಹೊಣೆ.

ಕನ್ನಡದಲ್ಲಿ ಈ ಬಗೆಯ ಕಥನಗಳು ಹೊಸವಲ್ಲ. ಎ. ರೇವತಿಯವರ ‘ಬದುಕು ಬಯಲು’ ದು. ಸರಸ್ವತಿಯವರ ಅನುವಾದದಲ್ಲಿ ಬಂದಿದೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅವೆರಡರಲ್ಲೂ ದಾರಿ ದೊಡ್ಡ ನಗರಕ್ಕೆ ಹೋಗುತ್ತದೆ. ಮಂಜಮ್ಮನ ವಲಸೆ ಒಂದು ದಿನದ ಬಸ್ ಪ್ರಯಾಣದೊಳಗೇ ಮುಗಿಯುವಂಥದ್ದು. ಆದರೂ ಅದು ವಲಸೆಯೇ. ಗಡಿ ದಾಟಿದವರು ಮಾತ್ರ ಪರದೇಶಿಗಳಲ್ಲ. ಹೆತ್ತವರ ಹೊಸ್ತಿಲು ದಾಟಿ ಮರಳಲಾಗದವರೂ ಪರದೇಶಿಗಳೇ.

ಈ ಕಥನವನ್ನು ಸಾಮಾನ್ಯವಾಗಿ ನೋವಿನ ಕಥೆಯೆಂದೋ ಗೆಲುವಿನ ಕಥೆಯೆಂದೋ ಓದುತ್ತಾರೆ. ನನಗೆ ಇದು ದುಡಿಮೆಯ ಕಥೆಯಾಗಿ ಹೆಚ್ಚು ಮುಖ್ಯ. ಜೋಗ ಬೇಡುವವಳಿಗೆ ಕೊಡುವುದು ಕೊಡುವವನ ಇಷ್ಟ; ಎಷ್ಟೆಂದು ಆಕೆ ಕೇಳುವಂತಿಲ್ಲ. ಇಡ್ಲಿಗೆ ಬೆಲೆಯಿದೆ. ವೇದಿಕೆಯ ಕುಣಿತಕ್ಕೆ ಸಂಭಾವನೆಯಿದೆ. ಬೇಡುವ ಕೈ ಬೆಲೆ ಹೇಳುವ ಕೈಯಾದದ್ದು ಈ ಬದುಕಿನ ದೊಡ್ಡ ತಿರುವು. ಮೇಳ ನಡೆಸುವುದೆಂದರೆ ಬರೀ ಕುಣಿಯುವುದಲ್ಲ. ಚೌಡಿಕೆಯವರಿಗೆ, ತಾಳದವರಿಗೆ, ಹಾಡುವವರಿಗೆ ಪಾಲು ಹಂಚಬೇಕು, ಕಾರ್ಯಕ್ರಮ ಹುಡುಕಬೇಕು, ಬಂಡಿ ಖರ್ಚು ನೋಡಬೇಕು. ಕಲೆಯನ್ನು ಹೊಗಳುವಾಗ ನಾವು ಈ ಲೆಕ್ಕವನ್ನು ಮರೆಯುತ್ತೇವೆ.

ಹಾಗೆಂದು ಜೋಗದಿಂದ ಸಂಭಾವನೆಗೆ ಹೋದ ದಾರಿ ನೆಟ್ಟಗಿಲ್ಲ. ಕೊಡ ಹೊತ್ತು ಕುಣಿಯುವ ಕಲೆಗೆ ಮರ್ಯಾದೆ ಬಂದದ್ದು ದೇವಿಯ ಹೆಸರಿನಿಂದ. ಅದೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಪಾಡೇನೆಂಬುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಅಂದರೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ಅಪರಾಧವೆಂದ ಸರ್ಕಾರವೇ, ಅದೇ ನಂಬಿಕೆಯ ಮಡಿಲಲ್ಲಿ ಬೆಳೆದ ಕಲೆಗೆ ಪ್ರಶಸ್ತಿ ಕೊಡುತ್ತದೆ. ಇದು ಮಂಜಮ್ಮನ ತಪ್ಪಲ್ಲ. ಆದರೆ ಈ ಬದುಕನ್ನು ಓದುವವರು ಈ ಪ್ರಶ್ನೆಯನ್ನು ಬದಿಗಿಟ್ಟರೆ ಓದು ಅರ್ಧವೇ. ದೇವಿಯ ಆಸರೆಯಿಲ್ಲದಿದ್ದರೆ ಇಂಥ ಮಗುವಿಗೆ ಆ ಕಾಲದ ಹಳ್ಳಿ ಬೇರೆ ಯಾವ ಜಾಗ ಕೊಡುತ್ತಿತ್ತು? ಆ ಆಸರೆಗೆ ಎಷ್ಟು ಬೆಲೆ ತೆರಬೇಕಾಯಿತು? ಎರಡನ್ನೂ ಒಟ್ಟಿಗೆ ಕೇಳಬೇಕು.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ. ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶ ನೋಡಿತು. ಹಲವರು ಅದನ್ನು ಮುಗ್ಧತೆ ಎಂದರು. ನನಗೆ ಹಾಗೆ ಕಾಣಲಿಲ್ಲ. ಪಡೆಯಲು ಬಂದವರು ಮೊದಲು ಕೊಟ್ಟರು. ಅದು ಜೋಗತಿಯ ಹಕ್ಕು, ಅವರ ವೃತ್ತಿಯ ಘನತೆ. ಅದೇ ವರ್ಷ ರಾಜ್ಯ ಸರ್ಕಾರ ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು. ಮಂಜಮ್ಮ ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತ ಬಂದದ್ದು ಇನ್ನೂ ಸರಳವಾದ ಮಾತು: ಇಂಥ ಮಕ್ಕಳನ್ನು ಮನೆಯಿಂದ ಹೊರಗೆ ಹಾಕಬೇಡಿ, ಓದಿಸಿ.

ಹೇಳಿದವರು ಒಬ್ಬರು, ಬರೆದವರು ಇನ್ನೊಬ್ಬರು ಆದಾಗ ದನಿ ಯಾರದೆಂಬ ಸಂಶಯ ಸಹಜ. ಇಲ್ಲಿ ಅದು ದೋಷವೆನಿಸುವುದಿಲ್ಲ. ಚೌಡಿಕೆಯ ಪದವೂ ಒಬ್ಬರು ಹೇಳಿ, ಇನ್ನೊಬ್ಬರು ಸೊಲ್ಲು ಹಿಡಿದು ಬೆಳೆದದ್ದೇ ಅಲ್ಲವೇ?

ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೋದವರು ಚಿಲ್ಲರೆ ಹಾಕಿ, ಆಮೇಲೊಂದು ಗಳಿಗೆ ನಿಲ್ಲಲಿ. ಪಡ್ಲಿಗೆ ಹಿಡಿದವರಿಗೆ ಒಂದು ಹೆಸರಿದೆ. ಅದನ್ನು ಕೇಳುವುದಕ್ಕೆ ಪದ್ಮಶ್ರೀ ಬರುವವರೆಗೆ ಕಾಯಬೇಕಿಲ್ಲ.