ಅಂಗಳದ ಹಸಿರು, ಕೈಪಿಡಿಯ ಉಪದೇಶ

ಅವೆನ್ಯೂ ರಸ್ತೆಯಲ್ಲಿ ಹುಲ್ಲು ಬೆಳೆಯಲು ಅಂಗೈಯಗಲದ ನೆಲವೂ ಇಲ್ಲ. ಆದರೆ ಹುಲ್ಲುಹಾಸನ್ನು ಬೆಳೆಸುವ ಬಗೆಯನ್ನು ತಿಳಿಸುವ ತೋಟಗಾರಿಕೆಯ ಕೈಪಿಡಿಗಳು ಅಲ್ಲಿನ ಹಳೆಯ ಪುಸ್ತಕದಂಗಡಿಗಳಲ್ಲಿ ಬಹುಕಾಲದಿಂದ ದೊರೆಯುತ್ತ ಬಂದಿವೆ. ಆ ರಸ್ತೆಯ ಹಾಗೂ ಚಿಕ್ಕಪೇಟೆಯ ಅಂಗಡಿಗಳ ಮೇಲಣ ಕಿರಿದಾದ ಮನೆಗಳಲ್ಲಿ ಬಾಳಿದ ಎಷ್ಟೋ ಕುಟುಂಬಗಳು ಇಂದು ಬಸವನಗುಡಿ, ಜಯನಗರಗಳ ಕಡೆ ನೆಲೆಸಿವೆ. ಮನೆಯ ಮುಂದೆ ಸ್ವಲ್ಪ ನೆಲ ದೊರೆತೊಡನೆ ಅಲ್ಲಿ ಹಸಿರು ಹಾಸಬೇಕೆಂಬ ಆಸೆ ಸಹಜವೇ. ಬಸದಿಗಳ ಆಡಳಿತ ಮಂಡಳಿಗಳೂ ಈ ಆಸೆಗೆ ಹೊರತಾಗಿಲ್ಲ. ಹೀಗಿರುವಲ್ಲಿ ಈ ಕೈಪಿಡಿಗಳು ನಮಗೆ ಏನನ್ನು ಉಪದೇಶಿಸುತ್ತಿವೆ ಎಂಬುದನ್ನು ಶ್ರಾವಕನ ಕಣ್ಣಿನಿಂದ ಪರಾಮರ್ಶಿಸುವುದು ಅನುಚಿತವಾಗಲಾರದು.

ಮೊದಲು ಅವುಗಳ ಗುಣವನ್ನು ಒಪ್ಪಿಕೊಳ್ಳಬೇಕು. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬ ನಿಯಮ ಸರಿಯಾದದ್ದು. ಬುಡದವರೆಗೆ ಬೋಳಿಸಿದ ಹುಲ್ಲಿನ ಬೇರು ಬಲಗುಂದುತ್ತದೆ, ನೆಲ ಬಿಸಿಲಿಗೆ ಕಾಯುತ್ತದೆ, ಬರಿದಾದ ಜಾಗಕ್ಕೆ ಕಳೆ ನುಗ್ಗುತ್ತದೆ. ಕತ್ತರಿಸಿದ ತುಣುಕುಗಳನ್ನು ಅಲ್ಲಿಯೇ ಉದುರಗೊಟ್ಟರೆ ಅವು ಕೊಳೆತು ಮಣ್ಣಿಗೆ ಸಾರಜನಕವನ್ನು ಹಿಂದಿರುಗಿಸುತ್ತವೆ ಎಂಬುದೂ ನಿಜ. ನೀರನ್ನು ಸಂಜೆಗಿಂತ ಬೆಳಗಿನ ಹೊತ್ತು ಕೊಡುವುದು ಲೇಸು. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಬೂಷ್ಟು ರೋಗ ಬೇಗ ತಗಲುತ್ತದೆ. ಇವು ಅನುಭವದಿಂದ ಬಂದ ಮಾತುಗಳು.

ದೋಷ ಕಾಣುವುದು ಋತುಗಳ ವಿಚಾರಕ್ಕೆ ಬಂದಾಗ. ಈ ಪರಂಪರೆಯ ಹಿರಿಯ ಗ್ರಂಥಗಳಲ್ಲೊಂದು 1860ರ ದಶಕದಲ್ಲಿ ಹೊರಬಂದು ಅನೇಕ ಮುದ್ರಣಗಳನ್ನು ಕಂಡ ಫರ್ಮಿಂಜರ್ ಪಾದ್ರಿಯ ಕೈಪಿಡಿ. ಮೊದಲಿಗೆ ಅದರ ಹೆಸರಿನಲ್ಲಿಯೇ ಬಂಗಾಳ ಮತ್ತು ಉತ್ತರ ಹಿಂದೂಸ್ತಾನಕ್ಕೆಂದು ಹೇಳಲಾಗಿತ್ತು. ಆ ಪ್ರಾಮಾಣಿಕತೆ ಅನಂತರದ ಅನೇಕ ಕೈಪಿಡಿಗಳಲ್ಲಿ ಉಳಿಯಲಿಲ್ಲ. ಎಲ್ಲಿಯದೋ ಪಂಚಾಂಗವನ್ನು ಎಲ್ಲ ಊರುಗಳಿಗೂ ಅನ್ವಯಿಸಿದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹಿಮ ಬೀಳುವ ಚಳಿಗಾಲವಿಲ್ಲ. ಜೂನ್‌ನಿಂದ ಮುಂಗಾರು, ಅದರ ಬೆನ್ನಿಗೆ ಹಿಂಗಾರು. ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಇಲ್ಲಿ ಹುಲ್ಲಿನ ಕಷ್ಟಕಾಲವೆಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳು.

ಆ ದಿನಗಳಲ್ಲಿ ಗರಿಕೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದು ರೋಗವಲ್ಲ, ಸಾವೂ ಅಲ್ಲ. ಎಲೆಯನ್ನು ಒಣಗಗೊಟ್ಟು, ನೆಲದೊಳಗಿನ ಕಾಂಡದಲ್ಲಿ ಜೀವವನ್ನು ಹಿಡಿದಿಟ್ಟುಕೊಳ್ಳುವುದು ಅದರ ಸ್ವಭಾವ. ಮಾವಿನ ಮಳೆ ಎರಡು ಬಾರಿ ಬಿದ್ದರೆ ಸಾಕು, ಅದೇ ನೆಲ ಮತ್ತೆ ಚಿಗುರುತ್ತದೆ. ಆದರೆ ಕೈಪಿಡಿಗಳ ದೃಷ್ಟಿಯಲ್ಲಿ ಆರೋಗ್ಯವೆಂದರೆ ಹನ್ನೆರಡು ತಿಂಗಳೂ ಒಂದೇ ಹಸಿರು. ಈ ಒಂದು ತಪ್ಪು ವ್ಯಾಖ್ಯೆಯಿಂದಲೇ ಉಳಿದೆಲ್ಲ ಅನರ್ಥಗಳೂ ಹೊರಡುತ್ತವೆ ಎಂಬುದು ನನ್ನ ಮುಖ್ಯ ಆಕ್ಷೇಪ.

ನೀರಿನ ಲೆಕ್ಕವನ್ನೇ ನೋಡಿ. ವಾರಕ್ಕೊಂದು ಅಂಗುಲ, ಅಂದರೆ 25 ಮಿಲಿಮೀಟರ್ ನೀರು ಬೇಕೆಂಬುದು ಕೈಪಿಡಿಗಳ ಸಾಮಾನ್ಯ ಸೂತ್ರ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹಾಸಿಗೆ ಇದು 2,500 ಲೀಟರ್ ಆಗುತ್ತದೆ. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಏರುದಾರಿಯಲ್ಲಿ ಪಂಪಿನ ಬಲದಿಂದ ಬರುತ್ತಾಳೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಕುಡಿಯುವ ಒಂದು ಚೆಂಬು ನೀರನ್ನು ಬಟ್ಟೆಯಲ್ಲಿ ಸೋಸುವ ಮನೆಯವರು ಅಂಗಳದಲ್ಲಿ ಸಾವಿರಾರು ಲೀಟರನ್ನು ಯೋಚನೆಯಿಲ್ಲದೆ ಚೆಲ್ಲುವುದಾದರೆ, ಆ ಸೋಸುವಿಕೆ ವ್ರತವಾಗಿ ಉಳಿಯದೆ ಬರಿಯ ರೂಢಿಯಾಗುತ್ತದೆ.

ಎರಡನೆಯ ಅನರ್ಥವು ಕೀಟಗಳ ಅಧ್ಯಾಯದಲ್ಲಿದೆ. ಎರೆಹುಳು ಮೇಲೆತ್ತುವ ಮಣ್ಣಿನ ಗುಳಿಗೆಗಳನ್ನು ಹಾಸಿನ ಕಲೆಯೆಂದು ಬಗೆದು ಹುಳುವನ್ನೇ ಕೊಲ್ಲುವ ಉಪಾಯವನ್ನು ಹೇಳಿದ ಪುಸ್ತಕಗಳುಂಟು. ಆ ಹುಳು ಕೊರೆದ ದಾರಿಗಳಿಂದಲೇ ನೀರೂ ಗಾಳಿಯೂ ಬೇರಿಗೆ ಇಳಿಯುತ್ತವೆ. ಹಿಂದೆ ನಮ್ಮಲ್ಲಿ ಮಣ್ಣಿಗೆ ಬೆರೆಸುತ್ತಿದ್ದ ಫೋರೇಟ್ ಎಂಬ ಹರಳು ವಿಷವನ್ನು 2020ರ ಕೊನೆಯಿಂದ ಜಾರಿಗೆ ಬರುವಂತೆ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ಪುಸ್ತಕಕ್ಕೆ ಈ ನಿಷೇಧ ತಿಳಿಯದು, ಕೊಳ್ಳುವವರು ತಿಳಿದಿರಬೇಕು. ಕಳೆಯ ಪಟ್ಟಿಯೂ ವಿಚಾರಾರ್ಹವೇ. ತೇವದ ನೆಲದಲ್ಲಿ ಹಬ್ಬುವ ಒಂದೆಲಗವನ್ನು ಹಾಸಿನ ಶತ್ರುವೆಂದು ಎಣಿಸುತ್ತಾರೆ. ನಮ್ಮ ನಾಡಿನ ಅಡಿಗೆಮನೆಗಳಲ್ಲಿ ಅದೇ ಸೊಪ್ಪು ತಂಬುಳಿಯಾಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಸಸ್ಯವನ್ನು ಕಡಿಯುವುದು ಅವುಗಳಲ್ಲಿ ಪ್ರಮಾದಚರ್ಯೆ ಎನಿಸಿಕೊಳ್ಳುತ್ತದೆ. ಹಿಂಸೆಗೆ ದಾರಿಯಾಗುವ ಮಾತನ್ನು ಹೇಳಿಕೊಡುವುದು ಪಾಪೋಪದೇಶ. ಈ ಅಳತೆಗೋಲಿನಿಂದ ನೋಡಿದರೆ ಕೈಪಿಡಿಯನ್ನು ಇಡಿಯಾಗಿ ತಳ್ಳಿಹಾಕಬೇಕಾಗಿಲ್ಲ. ಅದರ ಕತ್ತರಿಯ ಅಧ್ಯಾಯ ಉಪದೇಶ. ವಿಷದ ಅಧ್ಯಾಯ ಪಾಪೋಪದೇಶ. ಆಚಾರ್ಯರ ಪ್ರಶ್ನೆ ಹಸಿರು ಬೇಕೆ ಬೇಡವೆ ಎಂಬುದಲ್ಲ, ಪ್ರಯೋಜನವೇನು ಎಂಬುದು. ಲಾಲ್‌ಬಾಗಿನ ಹಸಿರಿನಿಂದ ಸಾವಿರಾರು ಜನರ ಕಣ್ಣು ತಣಿಯುತ್ತದೆ. ಮಕ್ಕಳು ಆಡುವ, ಹಿರಿಯರು ಸಂಜೆ ಕುಳಿತುಕೊಳ್ಳುವ ಅಂಗಳಕ್ಕೂ ಪ್ರಯೋಜನವುಂಟು. ಯಾರೂ ಕಾಲಿಡದೆ ನೆರೆಮನೆಯವರು ನೋಡಲೆಂದೇ ಇಟ್ಟ ಹಾಸಿಗೆ ಅದು ಇಲ್ಲ.

ಹುಲ್ಲನ್ನು ಕತ್ತರಿಸುವುದೇ ಏಕೇಂದ್ರಿಯ ಜೀವದ ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಅಹುದು, ಗೃಹಸ್ಥನ ಆರಂಭಿ ಹಿಂಸೆಯಲ್ಲಿ ಅದೂ ಸೇರುತ್ತದೆ. ಆದರೆ ತಿಂಗಳುಗಟ್ಟಲೆ ಬೆಳೆಯಗೊಟ್ಟು ಒಮ್ಮೆಲೆ ಬೋಳಿಸಿದರೆ ಅದರಲ್ಲಿ ಮನೆಮಾಡಿದ ಮಿಡತೆ, ಬಸವನಹುಳು, ಕಪ್ಪೆಗಳೂ ಸಾಯುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಆಗಾಗ ಕತ್ತರಿಸುವುದು, ಇಬ್ಬನಿ ಆರಿದ ಮೇಲೆ ಆರಂಭಿಸುವುದು, ಮೊದಲು ನೆಲವನ್ನು ಕಣ್ಣಿಟ್ಟು ನೋಡುವುದು, ನಡುವಿನಿಂದ ಅಂಚಿಗೆ ಸಾಗಿ ಜೀವಿಗಳಿಗೆ ತಪ್ಪಿಸಿಕೊಳ್ಳಲು ಎಡೆಮಾಡಿಕೊಡುವುದು ಯುಕ್ತ. ಮಳೆ ನಿಂತ ಮೇಲೆ ತೆಳುವಾಗಿ ಕೊಟ್ಟಿಗೆ ಗೊಬ್ಬರ. ಮಾಗಿಯಲ್ಲಿ ಬೆಳವಣಿಗೆ ನಿಧಾನವಾದಂತೆ ಕತ್ತರಿಗೂ ವಿರಾಮ. ಬೇಸಗೆಯಲ್ಲಿ ಕಂದುಬಣ್ಣವನ್ನು ಸಹಿಸುವ ತಾಳ್ಮೆ. ಮರದ ನೆರಳಿರುವಲ್ಲಿ ಗರಿಕೆ ಏಳದು. ಅಲ್ಲಿ ಹಟ ಹಿಡಿಯದೆ ತರಗೆಲೆಯನ್ನು ಹಾಗೆಯೇ ಬಿಡುವುದು ಮೇಲು.

ಬಸದಿಗಳ ಆಡಳಿತದವರಲ್ಲಿ ಒಂದು ಪ್ರತ್ಯೇಕ ನಿವೇದನೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ವ್ರತಿಗಳನ್ನು ಗುರುತಿಸಲು ಅರಮನೆಯ ಅಂಗಳದಲ್ಲಿ ಹಸಿಯ ಮೊಳಕೆಗಳನ್ನು ಹರಡಿಸಿದ ಪ್ರಸಂಗವನ್ನು ನೀವೆಲ್ಲರೂ ಬಲ್ಲಿರಿ. ತುಳಿದುಕೊಂಡು ಒಳಬಂದವರು ಅವ್ರತಿಗಳು. ಹೊರಗೇ ನಿಂತವರನ್ನು ಚಕ್ರಿಯು ಬೇರೊಂದು ದಾರಿಯಿಂದ ಕರೆಸಿ ಸತ್ಕರಿಸಿದನು. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಹಸಿರಿನ ಮೇಲೆ ಹೆಜ್ಜೆಯಿಡುವುದಿಲ್ಲ. ಬಸದಿಯ ಮುಂದಣ ನೆಲವನ್ನೆಲ್ಲ ಹುಲ್ಲಿನಿಂದ ಮುಚ್ಚಿದರೆ, ಹುಲ್ಲು ಅತ್ಯಂತ ಸಮೃದ್ಧವಾಗಿರುವ ಚಾತುರ್ಮಾಸದಲ್ಲಿಯೇ ಅವರಿಗೆ ದಾರಿ ಕಟ್ಟಿದಂತಾಗುತ್ತದೆ. ಹಾಸನ್ನು ಹಾಕಲೇಬೇಕೆಂದಿದ್ದರೆ ಅದು ಕಿರಿದಾಗಿರಲಿ. ಬಾಗಿಲಿನಿಂದ ಗರ್ಭಗೃಹದವರೆಗೆ ಅಗಲವಾದ ಕಲ್ಲುಹಾದಿಯನ್ನು ಮೊದಲು ಹಾಕಿಸಿ, ಆಮೇಲೆ ಉಳಿದ ನೆಲದಲ್ಲಿ ಗರಿಕೆಯನ್ನು ನೆಡಿಸಿರಿ.