ವಾಡಿ ಜಂಕ್ಷನ್ ಮುಟ್ಟದ ರಾಕ್ ಆಲ್ಬಂಗಳು

ಕನ್ನಡದಲ್ಲಿ ರಾಕ್ ಸಂಗೀತದ ಮಾತು ಬಂದರೆ ಅದು ಬೆಂಗಳೂರಿನ ಅರಮನೆ ಮೈದಾನದಲ್ಲೇ ಶುರುವಾಗಿ ಅಲ್ಲೇ ಮುಗಿಯುತ್ತದೆ. 2007ರಲ್ಲಿ ಐರನ್ ಮೇಡನ್ ಬಂದದ್ದು, 2011ರಲ್ಲಿ ಮೆಟಾಲಿಕಾ ಬಂದದ್ದು ಎಲ್ಲರಿಗೂ ಗೊತ್ತು. ಅದೇ ಊರಿನ ಹುಡುಗರು 1990ರ ದಶಕದಿಂದ ಮಾಡಿಕೊಂಡು ಬಂದ ಆಲ್ಬಂಗಳನ್ನು ಒಂದು ಕಾದಂಬರಿಯನ್ನೋ ಕವನ ಸಂಕಲನವನ್ನೋ ಕೈಗೆತ್ತಿಕೊಳ್ಳುವಷ್ಟು ಗಂಭೀರವಾಗಿ ಎತ್ತಿಕೊಂಡು ಮಾತಾಡಿದ ಕನ್ನಡ ಬರಹ ಮಾತ್ರ ತೀರ ವಿರಳ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆ ಇವನ್ನು ಹೆಸರು ಹಿಡಿದು "ಇದನ್ನೊಮ್ಮೆ ಕೇಳಿ" ಎನ್ನುವವರೂ ಅಪರೂಪ. ಈ ಸಂಗೀತ ಹುಟ್ಟಿದ್ದು ಬೆಂಗಳೂರಿನಲ್ಲಿ ಖರೆ. ಆದರೆ ಇದನ್ನು ಕೇಳಲು ಬೇಕಾದ ತಾಳ್ಮೆ, ಇದಕ್ಕೆ ಒಗ್ಗುವ ಕಿವಿ ಎರಡೂ ಕಲಬುರಗಿ ಜಿಲ್ಲೆಯ ಈ ಊರುಗಳಲ್ಲಿ ಮೊದಲಿಂದಲೂ ಇವೆ ಎಂಬುದು ನನ್ನ ನಂಬಿಕೆ.

ನಮ್ಮ ವಿಮರ್ಶೆ ಈ ಆಲ್ಬಂಗಳನ್ನು ಬಿಟ್ಟದ್ದೇಕೆ? ಇಂಗ್ಲಿಷಿನಲ್ಲಿ ಹಾಡುತ್ತಾರೆ, ಅದಕ್ಕೆ, ಎನ್ನುವುದು ಸುಲಭದ ಉತ್ತರ. ನನಗೆ ಕಾಣುವ ಕಾರಣ ಬೇರೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗಿನಿಂದ ಭಾವಗೀತೆ ನಮ್ಮ ಮಧ್ಯಮ ವರ್ಗದ ಕಿವಿಯನ್ನು ಒಂದು ಕ್ರಮಕ್ಕೆ ಹದಗೊಳಿಸಿತು. ಕವಿತೆ ಮೊದಲು, ರಾಗ ಅದರ ಸೇವೆಗೆ, ವಾದ್ಯಗಳು ಇನ್ನೂ ಹಿಂದೆ. ಈ ಕ್ರಮದಿಂದ ಕನ್ನಡಕ್ಕೆ ಆದ ಲಾಭ ದೊಡ್ಡದು. ಬೇಂದ್ರೆ, ಕುವೆಂಪು, ನಿಸಾರ್ ಅಹಮದ್ ಮನೆಮನೆಗೆ ಹೋದದ್ದು ಹೀಗೆಯೇ. ಆದರೆ ಹಾಡನ್ನು ಅದರ ಸಾಹಿತ್ಯದಿಂದಷ್ಟೇ ತೂಗುವ ಅಭ್ಯಾಸವೂ ಇದರೊಂದಿಗೇ ಬೆಳೆಯಿತು. ಗಿಟಾರಿನ ಒಂದು ತುಣುಕು ನಾಲ್ಕು ನಿಮಿಷ ಬಿಡದೆ ಮರಳಿ ಮರಳಿ ಬಂದು ಕಟ್ಟುವ ಒತ್ತಡಕ್ಕೆ ಏನನ್ನಬೇಕೆಂದು ನಮ್ಮ ವಿಮರ್ಶೆಗೆ ತಿಳಿಯಲಿಲ್ಲ.

ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂತ ಮಂದಿಗೆ ಇದು ತಿಳಿಯದ ವಿಷಯವಲ್ಲ. ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯ ಬಳಗದ ಖೈನೂರು ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬರಂಥವರ ತತ್ವಪದಗಳನ್ನು ಈ ಭಾಗದಲ್ಲಿ ಯಾರೂ ಮೂರು ನಿಮಿಷಕ್ಕೆ ಕತ್ತರಿಸಿ ಹಾಡುವುದಿಲ್ಲ. ಏಕತಾರಿಯ ಒಂದೇ ಶ್ರುತಿ ಬೆಳಗಿನ ತನಕ ನಿಲ್ಲುತ್ತದೆ. ದಮಡಿ ಮತ್ತು ತಾಳ ನಿಧಾನಕ್ಕೆ ಎದ್ದು ಲಯ ಏರಿಸುತ್ತವೆ. ಪಲ್ಲವಿ ಎಷ್ಟು ಸಲ ಮರಳುತ್ತದೆಂದು ಯಾರೂ ಎಣಿಸುವುದಿಲ್ಲ. ಪದದ ಅರ್ಥ ಒಗಟಾಗಿಯೇ ಉಳಿದರೂ ಯಾರೂ ಎದ್ದು ಹೋಗುವುದಿಲ್ಲ. ಮೊಹರಂನಲ್ಲಿ ಹಲಗೆಯ ಸದ್ದು ಎದೆಗೇ ಬಂದು ಹೊಡೆಯುವುದನ್ನು ಚಿಕ್ಕಂದಿನಿಂದ ಅನುಭವಿಸಿದವರಿಗೆ ಡಬಲ್ ಬೇಸ್ ಡ್ರಮ್ಮಿನ ಅಬ್ಬರ ಗದ್ದಲವಾಗಿ ಕೇಳಬೇಕಿಲ್ಲ. ಇನ್ನು ಭಾಷೆಯ ಮಾತು. ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರಿನ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲು ಹಳಿ ನಿಜಾಮರ ಕಾಲದ್ದು. ಆ ಹಳಿಯ ಇಕ್ಕೆಲದ ಮಂದಿ ಉರ್ದು ಕವ್ವಾಲಿಯನ್ನೂ ತೆಲುಗು ಹಾಡನ್ನೂ ಕನ್ನಡ ಪದದ ಜತೆಗೇ ಕೇಳಿದವರು. ಇವರಿಗೆ ಇಂಗ್ಲಿಷ್ ಅಡ್ಡಿಯಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ.

ಈ ಕಿವಿಯಿಂದ ಕೇಳಿದರೆ ನಮ್ಮ ಹೆಸರಾಂತ ಕನ್ನಡ ರಾಕ್ ಶಾಲೆಯ ಗುಣದೋಷ ಎರಡೂ ಬೇರೆಯಾಗಿಯೇ ಕಾಣುತ್ತವೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಶಿಶುನಾಳ ಶರೀಫರ ಪದಗಳು ಅಕೌಸ್ಟಿಕ್ ಗಿಟಾರು, ಪಿಟೀಲಿನ ಜತೆ ವಿದೇಶದ ವೇದಿಕೆಗಳವರೆಗೆ ಹೋದವು. ಕಾಲೇಜು ಹುಡುಗರು ಶರೀಫರನ್ನು ಎದೆಯುಬ್ಬಿಸಿ ಹಾಡಿದ್ದು ಸಣ್ಣ ಸಾಧನೆಯಲ್ಲ. ಶರೀಫರನ್ನು ಕುರಿತ ನಾಗಾಭರಣರ 1990ರ ಚಿತ್ರದಲ್ಲಿ ಸಿ. ಅಶ್ವಥ್ ಹಾಕಿದ ದಾರಿಯನ್ನು ರಘು ಹೊಸ ತಲೆಮಾರಿಗೆ ಅಗಲ ಮಾಡಿಕೊಟ್ಟರು. ಆದರೂ ಅವರ ಹಾಡುಗಾರಿಕೆ ಪ್ರತಿ ಸಲ ಸಂಭ್ರಮಕ್ಕೇ ಹೋಗಿ ಸೇರುತ್ತದೆ. ಶರೀಫರ ಪದದ ಸೋರುವ ಮಾಳಿಗೆಯೊಳಗಿನ ಕತ್ತಲೆ, ಮೇಲಕ್ಕೇರಿ ಹೋಗಲಾರದ ಅಸಹಾಯಕತೆ ಕುಣಿತದಲ್ಲಿ ಕರಗಿಹೋಗುತ್ತವೆ. 2013ರ 'ಜಗ್ ಚಂಗಾ'ದಲ್ಲಿ ಧ್ವನಿಮುದ್ರಣ ಇನ್ನಷ್ಟು ಹೊಳಪಾಯಿತು, ಒಳಗಿನ ಭಯ ಇನ್ನಷ್ಟು ಹಿಂದೆ ಸರಿಯಿತು. ತತ್ವಪದ ಮೂಲತಃ ಹೆದರಿಸುವ ಕಾವ್ಯವೂ ಹೌದು. ದೇಹ ಬೀಳುತ್ತದೆ, ಮನೆ ಬೀಳುತ್ತದೆ ಎಂದು ಅದು ಮುಖಕ್ಕೇ ಹೇಳುತ್ತದೆ. ಆ ಭಾಗವನ್ನು ಕನ್ನಡ ರಾಕ್ ಇನ್ನೂ ಮುಟ್ಟಿಲ್ಲ.

ಎರಡನೆಯ ಕೊರತೆ ಆಯ್ಕೆಯದು. ಈ ಶಾಲೆಯ ಮಟ್ಟಿಗೆ ತತ್ವಪದವೆಂದರೆ ಹೆಚ್ಚುಕಡಿಮೆ ಶರೀಫರೇ. ಶರೀಫರಿಗಿಂತ ಹಿಂದಿನ ಕಡಕೋಳದ ಪರಂಪರೆ ಪುಸ್ತಕಗಳಲ್ಲಿದೆ, ಭಜನಾ ಮಂಡಳಿಗಳ ಬಾಯಲ್ಲಿದೆ. ಗಿಟಾರಿನ ಹತ್ತಿರ ಅದನ್ನು ಒಯ್ದ ಆಲ್ಬಂ ನನ್ನ ಕಿವಿಗೆ ಬಿದ್ದಿಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ತಂಡದ್ದು ಇನ್ನೊಂದು ಜಾಯಮಾನ. 2009ರ ಮೊದಲ ಆಲ್ಬಮ್ಮಿನ 'ಈ ಭೂಮಿ' ಕನ್ನಡದಲ್ಲಿದೆ. ಉಳಿದಂತೆ ತಂಡ ಹೆಚ್ಚಾಗಿ ಹಿಂದಿಯನ್ನೇ ನೆಚ್ಚಿತು. ಜನಪದ ಕುದುರೆಯ ವೇಷ ತೊಟ್ಟು ಕುಣಿಯುವ ಅವರ ವೇದಿಕೆಯನ್ನು ಎಲ್ಲರೂ ಮೆಚ್ಚಿದರು. 2012ರ 'ಟೋಪಿವಾಲೇ'ಯ ರಾಜಕೀಯ ವಿಡಂಬನೆಯೂ ಮಾತಾಯಿತು. ನಾನು ಸ್ನೇಹಿತರಿಗೆ ಕೇಳಿಸುವುದು 2018ರ 'ರಾಹ್-ಎ-ಫಕೀರಾ'ವನ್ನು. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಇನ್ನು ಮೆಟಲ್. ಇಲ್ಲಿ ನನಗೆ ಹೇಳಲು ಬಹಳ ಇದೆ. ಬೆಂಗಳೂರಿನ 'ಕ್ರಿಪ್ಟೋಸ್' 1998ರಲ್ಲಿ ಕಟ್ಟಿದ ತಂಡ. 2004ರ 'ಸ್ಪೈರಲ್ ಅಸೆಂಟ್'ನಿಂದ 2024ರ 'ಡೆಸಿಮೇಟರ್'ವರೆಗೆ ಆಲ್ಬಂ ಮಾಡುತ್ತಲೇ ಬಂದಿದೆ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದೆ. ಕರ್ನಾಟಕದ ಒಂದು ತಂಡ ಇಪ್ಪತ್ತು ವರ್ಷ ಹೀಗೆ ಪಟ್ಟು ಹಿಡಿದು ಕೆಲಸ ಮಾಡಿದ್ದನ್ನು ನಾವು ನಮ್ಮ ಸಂಗೀತದ ಲೆಕ್ಕಕ್ಕೇ ಸೇರಿಸಿಕೊಂಡಿಲ್ಲ. ಇವರ ಆಲ್ಬಂಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು 2012ರ 'ದಿ ಕಾಯಿಲ್ಸ್ ಆಫ್ ಅಪೋಲಿಯಾನ್' ಎನ್ನುತ್ತೇನೆ. ಆಮೇಲಿನವು 1980ರ ದಶಕದ ಹೆವಿ ಮೆಟಲ್ಲಿನ ಅಚ್ಚಿಗೆ ಹೆಚ್ಚು ನಿಷ್ಠವಾದವು. ಎರಡು ಗಿಟಾರುಗಳು ಜೋಡಿಯಾಗಿ ಓಡುವ ಸೊಗಸು ಅವುಗಳಲ್ಲಿ ತುಂಬ ಇದೆ, ಮುಂದೇನು ಬರುತ್ತದೋ ಎಂಬ ಕುತೂಹಲ ಮಾತ್ರ ಕಡಿಮೆಯಾಯಿತು.

'ಬೇವರ್ ಸೀ' ಎಂಬ ತಂಡ ತನ್ನ ಹೆಸರನ್ನೇ ನಮ್ಮ ಬೇವಾರ್ಸಿಯಿಂದ ತಿರುಚಿಕೊಂಡದ್ದು. 2012ರಲ್ಲಿ ಮೊದಲ ಆಲ್ಬಂ, 2015ರಲ್ಲಿ 'ಇನ್‌ವೋಕ್ ದಿ ಬಿಜಾರ್'. ಇದು ಡೂಮ್ ಪಂಥದ ಮೆಟಲ್. ಅಂದರೆ ವೇಗವಿಲ್ಲ, ಭಾರವಿದೆ. ಹಾಡುಗಳು ಉದ್ದ, ತುಣುಕುಗಳು ಮರಳುತ್ತವೆ, ಶ್ರುತಿ ಕೆಳಗಿಳಿದಿದೆ. ಈ ಪಂಥದ ಮೂಲಕ್ಕೆ ಹೋದರೆ ಸಿಗುವುದು ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್. ಅಲ್ಲಿನ ಬ್ಲ್ಯಾಕ್ ಸ್ಯಾಬತ್ ತಂಡದ ಟೋನಿ ಅಯೋಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕೊಟ್ಟವನು. ಪ್ಲಾಸ್ಟಿಕ್ ಕರಗಿಸಿ ತಾನೇ ಬೆರಳ ತುದಿ ಮಾಡಿಕೊಂಡ, ನೋವಾಗದಂತೆ ಹಗುರ ತಂತಿ ಹಾಕಿದ, ಮುಂದೆ ಶ್ರುತಿಯನ್ನೇ ಇಳಿಸಿದ. 1970ರ ಮೊದಲ ಆಲ್ಬಂ, 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆ ಗಾಯಗೊಂಡ ಕೈಯಿಂದ ಬಂದವು. ಶಹಾಬಾದದ ಕಲ್ಲುಗಣಿಯಲ್ಲಿ ಫರಸಿ ಎತ್ತಿದವರ ಮಕ್ಕಳಿಗೆ, ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಪಾಳಿಯ ಮನೆಗಳಲ್ಲಿ ಬೆಳೆದವರಿಗೆ ಈ ಸಂಗೀತವನ್ನು ಪರದೇಶದ ಚಾಳಿಯೆಂದು ಪರಿಚಯಿಸುವುದು ತಪ್ಪು. ಯಂತ್ರಕ್ಕೆ ಕೈ ಕೊಟ್ಟವರ ಸಂಗೀತವೆಂದೇ ಅದನ್ನು ಅವರ ಮುಂದಿಡಬೇಕು. ಬೆಂಗಳೂರಿನ ಡೂಮ್ ತಂಡಗಳು ಆ ಭಾರವನ್ನು ಚೆನ್ನಾಗಿ ಕಲಿತವು. ಆ ಭಾರ ಯಾರ ಬೆನ್ನಿನದು ಎಂಬುದು ಮಾತ್ರ ಅವುಗಳ ಹಾಡಿನಲ್ಲಿ ಬಹಳ ಸಲ ಮಸುಕಾಗಿಯೇ ಉಳಿಯುತ್ತದೆ. ನನಗೆ ಆ ಶಾಲೆಯ ಬಗ್ಗೆ ಇರುವ ದೊಡ್ಡ ತಕರಾರು ಇದೇ.

ಪದವನ್ನೂ ನಾದವನ್ನೂ ಒಟ್ಟಿಗೆ ಹಿಡಿದವರು ಎಲ್ಲಿದ್ದಾರೆಂದು ಕೇಳಿದರೆ ನಾನು ಲ್ಯಾಟಿನ್ ಅಮೆರಿಕದ ಕಡೆ ಕೈ ತೋರಿಸುತ್ತೇನೆ. ಚಿಲಿ ದೇಶದ 'ಲೋಸ್ ಹೈವಾಸ್' ತಂಡ 1981ರಲ್ಲಿ ಪಾಬ್ಲೊ ನೆರೂಡನ ಮಾಚು ಪಿಚು ಕಾವ್ಯವನ್ನು ಎತ್ತಿಕೊಂಡು ಇಡೀ ಆಲ್ಬಂ ಕಟ್ಟಿತು. ಆಂಡಿಸ್ ಬೆಟ್ಟದ ಕೊಳಲು, ಚರಾಂಗೊ ತಂತಿವಾದ್ಯಗಳು ಪಿಯಾನೊ, ಎಲೆಕ್ಟ್ರಿಕ್ ಗಿಟಾರಿನ ಜತೆ ಸಮಸಮಕ್ಕೆ ನಿಂತಿವೆ. ಅಲ್ಲಿ ವಾದ್ಯಗಳೇ ಬೆಟ್ಟ ಹತ್ತುತ್ತವೆ, ಕವಿತೆ ಅವುಗಳ ನಡುವಿನಿಂದ ಮೇಲೇಳುತ್ತದೆ. ನಮ್ಮ ಭಾವಗೀತೆಯ ಕ್ರಮ ಇಲ್ಲಿ ತಲೆಕೆಳಗಾಗಿದೆ, ಆದರೂ ಕವಿಗೆ ಅವಮಾನವಾಗಿಲ್ಲ. ಮೆಕ್ಸಿಕೋದ 'ಕಾಫೆ ತಾಕುಬಾ' 1994ರಲ್ಲಿ ಮಾಡಿದ 'ರೆ' ಆಲ್ಬಮ್ಮಿನಲ್ಲಿ ಇಪ್ಪತ್ತು ಹಾಡುಗಳಿವೆ. ಹಳ್ಳಿಯ ಅಕಾರ್ಡಿಯನ್ ಕುಣಿತ, ಬೊಲೆರೊ ವಿರಹ, ಪಂಕ್ ರಾಕಿನ ಸಿಟ್ಟು ಎಲ್ಲವೂ ಅಲ್ಲಿ ಇವೆ, ಯಾವುದೂ ಇನ್ನೊಂದಕ್ಕೆ ಅಲಂಕಾರವಾಗಿ ಬಂದಿಲ್ಲ. ಇಷ್ಟೊಂದು ಹಾಡುಗಳಲ್ಲಿ ಕೆಲವು ತೆಳುವೆನಿಸಬಹುದು. ಆದರೆ ಊರಿನ ಸದ್ದನ್ನೂ ನಗರದ ಸದ್ದನ್ನೂ ಒಂದೇ ಅಂಗಳದಲ್ಲಿ ಸಲೀಸಾಗಿ ಕೂರಿಸಿದ ಈ ಧೈರ್ಯವನ್ನು ಕನ್ನಡ ರಾಕ್‌ನಲ್ಲಿ ನಾನು ಇನ್ನೂ ಕಂಡಿಲ್ಲ. ನಮ್ಮಲ್ಲಿ ಜನಪದ ವಾದ್ಯ ಬಂದರೆ ಹಾಡಿನ ಆರಂಭಕ್ಕೆ ಒಂದಿಷ್ಟು ಮಣ್ಣಿನ ವಾಸನೆ ಕೊಟ್ಟು ಹಿಂದೆ ಸರಿಯುತ್ತದೆ.

ಆಲ್ಬಮ್ಮನ್ನು ಆಲ್ಬಮ್ಮಾಗಿ ಕೇಳಿಸುವುದು ಹೇಗೆಂಬ ಪ್ರಶ್ನೆ ಉಳಿಯಿತು. ಕ್ಯಾಸೆಟ್ಟಿನ ಕಾಲದಲ್ಲಿ ಕ್ರಮ ತಪ್ಪಿಸುವುದೇ ಕಷ್ಟವಿತ್ತು. ಆಮೇಲೆ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಕೊಡುವ ಕಾಲ ಬಂತು. ಸಿನಿಮಾ ಹಾಡು, ಭಜನೆ, ಜಾನಪದ ಎಲ್ಲ ಬಿಡಿಬಿಡಿಯಾಗಿ ಸೇರಿದವು. ಹಾಡು ದೂರ ಹೋಯಿತು, ಆಲ್ಬಂ ಹಿಂದೆ ಬಿತ್ತು. ಈಗ ಫೋನಿನಲ್ಲಿ ಇಡೀ ಆಲ್ಬಮ್ಮಿನ ಕೊಂಡಿಯನ್ನೇ ಕಳಿಸಬಹುದು. ಕಳಿಸುವವರು ಅದರ ಜತೆ ಎರಡು ಸಾಲು ತಾವೇ ಬರೆಯಲಿ ಎಂಬುದು ನನ್ನ ಆಗ್ರಹ. ಯಾವ ಹಾಡಿನಿಂದ ಹಿಡಿಯಬೇಕು, ಎಲ್ಲಿ ಸಹನೆ ಬೇಕು, ಯಾವುದು ನಿಮಗೆ ಹಿಡಿಸಲಿಲ್ಲ ಎಂದು ಬರೆಯಿರಿ. 'ಬೆಸ್ಟ್ ಆಲ್ಬಂ' ಎಂದಷ್ಟೇ ಬರೆದು ಕಳಿಸಿದ್ದನ್ನು ಯಾರೂ ತೆರೆಯುವುದಿಲ್ಲ.

ಚಿಂಚೋಳಿಯಲ್ಲೋ ಚಿತ್ತಾಪುರದಲ್ಲೋ ಭಜನೆಗೆ ದಮಡಿ ಬಾರಿಸುವ ಹುಡುಗನಿಗೆ ಮೊದಲು ಏನು ಕೊಡಬೇಕೆಂದು ಕೇಳಿದರೆ ಬೇವರ್ ಸೀಯ 2012ರ ಆಲ್ಬಂ ಎನ್ನುತ್ತೇನೆ. ಅದು ಒಗ್ಗಿದ ಮೇಲೆ ಸ್ಯಾಬತ್, ಆಮೇಲೆ ಲೋಸ್ ಹೈವಾಸ್. ರಘು ದೀಕ್ಷಿತ್ ಅವನಿಗೆ ಹೇಗೂ ಗೊತ್ತಿರುತ್ತಾರೆ. ಕ್ರಿಪ್ಟೋಸ್ ಕೇಳಿ ಅವನು ಗಿಟಾರ್ ಬೇಕೆಂದು ಹಟ ಹಿಡಿದರೆ ಕಡಕೋಳದ ಪದಗಳ ಪುಸ್ತಕವನ್ನೂ ಅದರ ಜತೆಗೇ ತಂದುಕೊಡಿ.